ತೋಡಿಯ ಗಾಂಧಾರವನ್ನು ತಿದ್ದಲು ಹೊರಟ ಯಂತ್ರ

ತೋಡಿ ರಾಗದಲ್ಲಿ ಗಾಂಧಾರ ಎಲ್ಲಿದೆ? ಪುಸ್ತಕ ತೆಗೆದರೆ ಉತ್ತರ ಎರಡೇ ಪದ: ಸಾಧಾರಣ ಗಾಂಧಾರ. ಹಾರ್ಮೋನಿಯಂ ಮುಂದೆ ಕುಳಿತು, ಷಡ್ಜದಿಂದ ಮೇಲಕ್ಕೆ ಕಪ್ಪು ಬಿಳಿ ಎಲ್ಲ ಮನೆಗಳನ್ನೂ ಎಣಿಸುತ್ತ ಹೋಗಿ ಮೂರನೆಯದನ್ನು ಒತ್ತಿದರೆ ಆ ಸ್ವರ ಸಿಗುತ್ತದೆ. ಆದರೆ ಅದನ್ನು ಎಷ್ಟು ಹೊತ್ತು ಒತ್ತಿ ಹಿಡಿದರೂ ತೋಡಿ ಕೇಳಿಸುವುದಿಲ್ಲ. ಬಲ್ಲವರ ಗಂಟಲಿನಲ್ಲಿ ಈ ಗಾಂಧಾರ ಒಂದೆಡೆ ನಿಲ್ಲುವುದೇ ಅಪರೂಪ. ಕೆಳಗೆ ರಿಷಭದ ಹತ್ತಿರಕ್ಕೆ ಇಳಿಯುತ್ತದೆ, ಮೇಲೆ ಮಧ್ಯಮವನ್ನು ಸವರುತ್ತದೆ, ಮತ್ತೆ ಇಳಿಯುತ್ತದೆ. ಈ ತೂಗಾಟವಿದ್ದರೆ ಮಾತ್ರ ಅದು ತೋಡಿಯ ಗಾಂಧಾರ. ಡಾ. ರಾಜ್‌ಕುಮಾರ್ 'ಜೀವನ ಚೈತ್ರ' ಚಿತ್ರಕ್ಕೆ ಹಾಡಿದ 'ನಾದಮಯ' ತೋಡಿಯನ್ನು ಆಧರಿಸಿದ ಹಾಡು. 1992ರ ಸಾಲಿನ ಅತ್ಯುತ್ತಮ ಹಿನ್ನೆಲೆ ಗಾಯಕ ರಾಷ್ಟ್ರಪ್ರಶಸ್ತಿಯನ್ನು ಅವರಿಗೆ ತಂದುಕೊಟ್ಟದ್ದು ಅದೇ. ರಾಗದ ವ್ಯಾಕರಣ ಗೊತ್ತಿಲ್ಲದವರೂ ಅದನ್ನು ಕೇಳುವಾಗ, ದನಿ ಒಂದು ಸ್ವರದಿಂದ ಇನ್ನೊಂದಕ್ಕೆ ಹಾರದೆ ನಡುವಿನ ದಾರಿಯನ್ನೆಲ್ಲ ಮುಟ್ಟುತ್ತ ಸಾಗುವುದನ್ನು ಗುರುತಿಸಬಹುದು.

ಅದಾಗಿ ಐದು ವರ್ಷಕ್ಕೆ, 1997ರಲ್ಲಿ, ಅಮೆರಿಕದ ಅಂಟಾರೆಸ್ ಎಂಬ ಸಣ್ಣ ಕಂಪನಿ ಒಂದು ಸಾಫ್ಟ್‌ವೇರ್ ಮಾರುಕಟ್ಟೆಗೆ ಬಿಟ್ಟಿತು. ಅದರ ಹೆಸರು ಆಟೋಟ್ಯೂನ್. ಹಾಡುವವರು ಶ್ರುತಿ ತಪ್ಪಿದಾಗ ದನಿಯನ್ನು ಹತ್ತಿರದ ಸ್ವರಸ್ಥಾನಕ್ಕೆ ಎಳೆದು ಕೂರಿಸುವುದು ಅದರ ಕೆಲಸ. ಇವತ್ತು ಸಿನಿಮಾ ಹಾಡು, ಭಕ್ತಿಗೀತೆಯ ಆಲ್ಬಂ, ಯೂಟ್ಯೂಬ್ ಕವರ್, ಮೂವತ್ತು ಸೆಕೆಂಡಿನ ರೀಲ್ಸ್, ಯಾವುದನ್ನೇ ತೆಗೆದುಕೊಳ್ಳಿ, ಆಟೋಟ್ಯೂನ್ ಅಥವಾ ಅದರ ದಾಯಾದಿಗಳ ಕೈ ತಾಕದೆ ಹೊರಬರುವುದು ಕಡಿಮೆ. ಸ್ಟುಡಿಯೊದವರು ಇದನ್ನು ಪಿಚ್ ಕರೆಕ್ಷನ್ ಎನ್ನುತ್ತಾರೆ. ತಿದ್ದಿದ್ದಾರೆ ಎಂಬುದೇ ಕೇಳುಗನಿಗೆ ಗೊತ್ತಾಗಬಾರದು, ಅದು ಈ ಕಸುಬಿನ ನಿಯಮ. ಗೊತ್ತಾಗದೆ ನಡೆಯುವ ಕೆಲಸವಾದ್ದರಿಂದಲೇ ಅದು ನಮ್ಮ ಕಿವಿಯನ್ನು ಎಷ್ಟು ಬದಲಿಸಿದೆ ಎಂದು ನಾವು ಕೂತು ಯೋಚಿಸಿಲ್ಲ.

ಈ ಯಂತ್ರ ಹುಟ್ಟಿದ್ದು ತೈಲ ಹುಡುಕುವವರ ಲೆಕ್ಕದಿಂದ. ಅದನ್ನು ರೂಪಿಸಿದ ಆಂಡಿ ಹಿಲ್ಡಿಬ್ರಾಂಡ್ ಹದಿಹರೆಯದಲ್ಲೇ ಕೊಳಲು ನುಡಿಸಿ ಸಂಪಾದಿಸುತ್ತಿದ್ದವರು. ಓದಿದ್ದು ಮಾತ್ರ ಎಂಜಿನಿಯರಿಂಗ್. 1976ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಿಂದ ಪಿಎಚ್‌ಡಿ ಪಡೆದು ಎಕ್ಸಾನ್ ಕಂಪನಿಯ ಸಂಶೋಧನಾ ವಿಭಾಗ ಸೇರಿದರು. ಅಲ್ಲಿಯ ಕೆಲಸ ಹೀಗೆ: ನೆಲದ ಮೇಲೆ ಸ್ಫೋಟ ಮಾಡಿಯೋ ಭಾರಿ ಯಂತ್ರದಿಂದ ಕಂಪಿಸಿಯೋ ಭೂಮಿಯೊಳಕ್ಕೆ ಅಲೆಗಳನ್ನು ಕಳಿಸುತ್ತಾರೆ. ಬಂಡೆಯ ಒಂದೊಂದು ಪದರಕ್ಕೂ ಬಡಿದು ಅವು ಮರಳಿ ಬರುತ್ತವೆ. ಒಂದರ ಮೇಲೊಂದು ಬಿದ್ದ ಆ ಪ್ರತಿಧ್ವನಿಗಳನ್ನು ಗಣಿತದಿಂದ ಬಿಡಿಸಿ, ತೈಲ ಎಷ್ಟು ಆಳದಲ್ಲಿ ಸಿಗಬಹುದು ಎಂದು ಊಹಿಸುತ್ತಾರೆ. 1982ರಲ್ಲಿ ಇದೇ ವಿದ್ಯೆಯ ಮೇಲೆ ಲ್ಯಾಂಡ್‌ಮಾರ್ಕ್ ಗ್ರಾಫಿಕ್ಸ್ ಎಂಬ ಕಂಪನಿ ಕಟ್ಟಿದವರಲ್ಲಿ ಅವರೂ ಒಬ್ಬರು. ಅಲ್ಲಿ ಗಳಿಸಿದ ಮೇಲೆ ಆ ಕೆಲಸ ಬಿಟ್ಟು ಹ್ಯೂಸ್ಟನ್‌ನ ರೈಸ್ ವಿಶ್ವವಿದ್ಯಾಲಯದಲ್ಲಿ ಸಂಗೀತ ರಚನೆ ಕಲಿಯಲು ಕುಳಿತರು. ಊಟದ ಹೊತ್ತಿನಲ್ಲಿ ಜೊತೆಗಿದ್ದ ಮಹಿಳೆಯೊಬ್ಬರು, ನಾನು ಶ್ರುತಿಯಲ್ಲಿ ಹಾಡುವಂತೆ ಮಾಡುವ ಒಂದು ಪೆಟ್ಟಿಗೆ ಮಾಡಿಕೊಡಿ ಎಂದು ತಮಾಷೆಗೆ ಕೇಳಿದರಂತೆ. ಈ ಕಥೆಯನ್ನು ಹಿಲ್ಡಿಬ್ರಾಂಡ್ ಸಂದರ್ಶನಗಳಲ್ಲಿ ಹೇಳಿದ್ದಾರೆ.

ದನಿಯ ಶ್ರುತಿಯನ್ನು ಯಂತ್ರ ಹೇಗೆ ಕಂಡುಹಿಡಿಯುತ್ತದೆ? ಷಡ್ಜ ಹಿಡಿದಾಗ ಗಂಟಲಿನ ತಂತುಗಳು ಒಂದೇ ಬಗೆಯಲ್ಲಿ ಮತ್ತೆ ಮತ್ತೆ ಕಂಪಿಸುತ್ತವೆ. ಸೆಕೆಂಡಿಗೆ 220 ಬಾರಿ ಕಂಪಿಸಿದರೆ ಒಂದೊಂದು ಆವರ್ತಕ್ಕೂ ನಾಲ್ಕೂವರೆ ಮಿಲಿಸೆಕೆಂಡು. ಆ ಅಲೆಯನ್ನು ಇಳಕಲ್ ಸೀರೆಯ ಅಂಚು ಎಂದುಕೊಳ್ಳಿ. ಒಂದೇ ಚಿತ್ತಾರ ಉದ್ದಕ್ಕೂ ಮರುಕಳಿಸುತ್ತದೆ. ಅದೇ ಅಂಚಿನ ಇನ್ನೊಂದು ತುಂಡನ್ನು ಅದರ ಮೇಲಿಟ್ಟು ನಿಧಾನವಾಗಿ ಪಕ್ಕಕ್ಕೆ ಸರಿಸುತ್ತ ಹೋದರೆ, ಎಲ್ಲೋ ಒಂದು ಕಡೆ ಮೇಲಿನ ಚಿತ್ತಾರ ಕೆಳಗಿನದರ ಮೇಲೆ ಸರಿಯಾಗಿ ಕೂರುತ್ತದೆ. ಎಷ್ಟು ಸರಿಸಿದಾಗ ಕೂತಿತೋ ಅದು ಒಂದು ಚಿತ್ತಾರದ ಅಳತೆ. ಕಂಪ್ಯೂಟರ್ ಮಾಡುವುದೂ ಇದನ್ನೇ. ಸೆಕೆಂಡಿಗೆ 44,100 ಬಿಂದುಗಳಾಗಿ ದಾಖಲಾದ ದನಿಯನ್ನು ಅದರದೇ ಪ್ರತಿಯ ಮೇಲೆ ಒಂದೊಂದೇ ಬಿಂದು ಸರಿಸಿ ತಾಳೆ ನೋಡುತ್ತದೆ. 220 ಹರ್ಟ್ಜ್ ದನಿಯಾದರೆ ಸುಮಾರು 200 ಬಿಂದು ಸರಿದಾಗ ಹೊಂದಿಕೆಯಾಗುತ್ತದೆ. ಇದಕ್ಕೆ ಆಟೋಕೊರಿಲೇಶನ್ ಎಂದು ಹೆಸರು. ಭೂಗರ್ಭದ ಪ್ರತಿಧ್ವನಿ ಬಿಡಿಸುವವರ ಕೈಗೆ ಸದಾ ಬರುವ ಸಲಕರಣೆ.

ತೊಡಕು ಇದ್ದದ್ದು ವೇಗದಲ್ಲಿ. ಒಂದೊಂದು ಸರಿತಕ್ಕೂ ನೂರಾರು ಗುಣಾಕಾರ, ಅಂಥ ನೂರಾರು ಸರಿತ, ಅದೂ ಸೆಕೆಂಡಿಗೆ ಸಾವಿರಾರು ಬಾರಿ. ತೊಂಬತ್ತರ ದಶಕದ ಕಂಪ್ಯೂಟರಿಗೆ ಹಾಡು ಹಾಡುತ್ತಿದ್ದಂತೆಯೇ ಇಷ್ಟು ಲೆಕ್ಕ ಮಾಡುವ ಶಕ್ತಿ ಇರಲಿಲ್ಲ. ಹಿಲ್ಡಿಬ್ರಾಂಡ್ ಕಂಡುಕೊಂಡ ಉಪಾಯ ಸರಳ, ಸೊಗಸು. ಪ್ರತಿ ಬಾರಿ ಮೊದಲಿನಿಂದ ಕೂಡುವ ಬದಲು ಹಳೆಯ ಮೊತ್ತವನ್ನು ಇಟ್ಟುಕೊಂಡು, ಹೊಸದಾಗಿ ಬಂದ ಬಿಂದುವಿನ ಲೆಕ್ಕ ಸೇರಿಸಿ, ಹಿಂದೆ ಬಿದ್ದದ್ದನ್ನು ಕಳೆದರೆ ಆಯಿತು. ಹತ್ತು ಲಕ್ಷ ಗುಣಾಕಾರದ ಕೆಲಸ ನಾಲ್ಕಕ್ಕೆ ಇಳಿಯಿತು ಎಂದು ಅವರು ಹೇಳಿಕೊಂಡಿದ್ದಾರೆ. 1997ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು, 1999ರಲ್ಲಿ ಅದು ಸಿಕ್ಕಿತು. ಬಹಳ ವರ್ಷಗಳ ಮೇಲೆ, 2023ರಲ್ಲಿ, ಗ್ರ್ಯಾಮಿ ಸಂಸ್ಥೆಯ ತಾಂತ್ರಿಕ ಪ್ರಶಸ್ತಿಯೂ ಬಂತು.

ಶ್ರುತಿ ಗೊತ್ತಾದ ಮೇಲೆ ತಿದ್ದುವುದು. ಇಲ್ಲಿ ಯಂತ್ರಕ್ಕೆ ಎರಡು ಸಂಗತಿ ಹೇಳಿಕೊಡಬೇಕು. ಒಂದು, ಯಾವ ಸ್ವರಗಳು ಸರಿ. ಎರಡು, ತಪ್ಪಿದ ದನಿಯನ್ನು ಸರಿಯಾದ ಸ್ವರಕ್ಕೆ ಎಷ್ಟು ಬೇಗ ತರಬೇಕು. ಎರಡನೆಯದಕ್ಕೆ ರೀಟ್ಯೂನ್ ಸ್ಪೀಡ್ ಎಂಬ ಒಂದು ತಿರುಗಣೆ ಇದೆ. ನಿಧಾನಕ್ಕೆ ಇಟ್ಟರೆ ದನಿ ತನ್ನಷ್ಟಕ್ಕೆ ಸರಿಹೋದಂತೆ ಕೇಳುತ್ತದೆ. ಸೊನ್ನೆಗೆ ತಿರುಗಿಸಿದರೆ ದನಿ ಒಂದು ಸ್ವರದಿಂದ ಇನ್ನೊಂದಕ್ಕೆ ನಡುವೆ ಏನನ್ನೂ ಮುಟ್ಟದೆ ನೆಗೆಯುತ್ತದೆ. ಮನುಷ್ಯರ ಗಂಟಲಿಗೆ ಆಗದ ಕೆಲಸ ಅದು.

ಸೊನ್ನೆಗೆ ತಿರುಗಿಸಿ ಲೋಕಕ್ಕೆ ಕೇಳಿಸಿದವರು ಲಂಡನ್ನಿನ ಇಬ್ಬರು ನಿರ್ಮಾಪಕರು, ಮಾರ್ಕ್ ಟೇಲರ್ ಮತ್ತು ಬ್ರಯಾನ್ ರಾಲಿಂಗ್. 1998ರಲ್ಲಿ ಗಾಯಕಿ ಶೇರ್ 'ಬಿಲೀವ್' ಹಾಡಿದಾಗ ಆಕೆಗೆ 52 ವರ್ಷ. ಆ ಹಾಡಿನ ಕೆಲವು ತುಣುಕುಗಳಲ್ಲಿ ದನಿ ಲೋಹದಂತೆ ಮಡಚಿಕೊಳ್ಳುತ್ತದೆ. ಹೇಗೆ ಮಾಡಿದಿರಿ ಎಂದು ಕೇಳಿದವರಿಗೆ ನಿರ್ಮಾಪಕರು ಮೊದಲು ಬೇರೆಯೇ ಯಂತ್ರದ ಹೆಸರು ಹೇಳಿ ಗುಟ್ಟು ಕಾಪಾಡಿಕೊಂಡರು. ಆ ಸದ್ದನ್ನು ತೆಗೆದುಹಾಕಬೇಕೆಂಬ ಮಾತು ಬಂದಾಗ ಶೇರ್ ಒಪ್ಪಲಿಲ್ಲ. 1999ರಲ್ಲಿ ಹಾಡು ಅಮೆರಿಕದ ಪಟ್ಟಿಯ ಮೊದಲ ಸ್ಥಾನಕ್ಕೇರಿತು.

ಅಲ್ಲಿಂದ ಮುಂದಿನ ಕಥೆಯಲ್ಲಿ ನನಗೆ ಹೆಚ್ಚು ತಟ್ಟಿದ್ದು ಫ್ಲಾರಿಡಾದ ಗಾಯಕ ಟಿ-ಪೇನ್. 2005ರ ತನ್ನ ಮೊದಲ ಆಲ್ಬಂನಿಂದಲೇ ಆತ ಆಟೋಟ್ಯೂನನ್ನು ವಾದ್ಯದ ಹಾಗೆ ಬಳಸಿದ. ಒಂದಷ್ಟು ವರ್ಷ ಎಲ್ಲರೂ ಅವನ ದಾರಿ ಹಿಡಿದರು, ಅವನ ಹೆಸರಿನ ಮೊಬೈಲ್ ಆ್ಯಪ್ ಬಂತು. ಆಮೇಲೆ ಗಾಳಿ ತಿರುಗಿತು. 2009ರಲ್ಲಿ ಜೇ-ಝೀ ಆಟೋಟ್ಯೂನಿನ ಸಾವನ್ನೇ ಸಾರುವ ಹಾಡು ತಂದ. 2010ರಲ್ಲಿ ಟೈಮ್ ಪತ್ರಿಕೆ ಅತಿ ಕೆಟ್ಟ ಐವತ್ತು ಆವಿಷ್ಕಾರಗಳ ಸಾಲಿನಲ್ಲಿ ಆಟೋಟ್ಯೂನನ್ನು ಸೇರಿಸಿತು. ಸಂಗೀತವನ್ನೇ ಹಾಳುಮಾಡಿದೆ ಎಂದು ತಾನು ಗೌರವಿಸುತ್ತಿದ್ದ ಗಾಯಕನೊಬ್ಬ ಮುಖಕ್ಕೆ ಹೇಳಿದ್ದು ತನ್ನನ್ನು ವರ್ಷಗಟ್ಟಲೆ ಖಿನ್ನತೆಗೆ ದೂಡಿತೆಂದು ಟಿ-ಪೇನ್ ಹೇಳಿದ್ದಾನೆ. 2014ರಲ್ಲಿ ಅಮೆರಿಕದ ಸಾರ್ವಜನಿಕ ರೇಡಿಯೊದ ಕಚೇರಿಯಲ್ಲಿ, ಒಬ್ಬ ಕೀಬೋರ್ಡ್ ವಾದಕನನ್ನು ಮಾತ್ರ ಜೊತೆಗಿಟ್ಟುಕೊಂಡು, ಯಾವ ತಿದ್ದುಪಡಿಯೂ ಇಲ್ಲದೆ ಹಾಡಿದ. ಶ್ರುತಿ ಸ್ವಚ್ಛ, ದನಿ ಬೆಚ್ಚಗೆ. ನೋಡಿದವರಿಗೆಲ್ಲ ಅಚ್ಚರಿ. ಹಾಡಲು ಬಾರದವರು ಮಾತ್ರ ಯಂತ್ರ ಹಿಡಿಯುತ್ತಾರೆ ಎಂಬ ಮಾತನ್ನು ನಾನು ಒಪ್ಪದಿರುವುದಕ್ಕೆ ಈ ವಿಡಿಯೊವೂ ಒಂದು ಕಾರಣ.

ಮೊದಲ ಸಂಗತಿಗೆ ಬರೋಣ. ಯಾವ ಸ್ವರಗಳು ಸರಿ ಎಂದು ಯಂತ್ರಕ್ಕೆ ಹೇಳುವವರು ಯಾರು? ಆಟೋಟ್ಯೂನ್ ಹುಟ್ಟಿದಾಗ ಅದರೊಳಗೆ ಕೂತಿದ್ದ ಮೂಲ ಅಳತೆ ಪಿಯಾನೊದ್ದು. ಒಂದು ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡಿದ ಅಳತೆ. ಸ್ಥಾಯಿಗೆ 1,200 ಸೆಂಟ್, ಪಾಲಿಗೆ 100. ಪಾಶ್ಚಾತ್ಯ ಸಂಗೀತದಲ್ಲಿ ಹಲವು ವಾದ್ಯಗಳು ಒಟ್ಟಿಗೆ ಸ್ವರಮೇಳ ನುಡಿಸಬೇಕು, ಹಾಡಿನ ನಡುವೆ ಆಧಾರ ಸ್ವರ ಬದಲಾಗಬೇಕು. ಅದಕ್ಕೆ ಸಮಪಾಲಿನ ಏಣಿ ಅನುಕೂಲ, ಅದರಲ್ಲಿ ತಪ್ಪೇನೂ ಇಲ್ಲ. ನಮ್ಮಲ್ಲಿ ಆಧಾರ ಷಡ್ಜ ಬದಲಾಗುವುದಿಲ್ಲ. ಹಾಡುವವರು ತಮ್ಮ ಗಂಟಲಿಗೆ ಹೊಂದುವ ಕಡೆ ಷಡ್ಜ ಇಟ್ಟುಕೊಳ್ಳುತ್ತಾರೆ. ಹಾರ್ಮೋನಿಯಂನ ಬಿಳಿ ಎರಡಿರಲಿ, ಕಪ್ಪು ನಾಲ್ಕಿರಲಿ, ತಂಬೂರಿಯನ್ನು ಅಲ್ಲಿಗೆ ಸೇರಿಸಿಕೊಂಡರೆ ಕಚೇರಿ ಮುಗಿಯುವವರೆಗೆ ಅದೇ ನೆಲೆ.

ಆ ತಂಬೂರಿಯೊಳಗೆ ಏನಿದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ತಂತಿಗಳನ್ನು ಹೊತ್ತ ಕುದುರೆಯ ಮೇಲ್ಮೈ ಚಪ್ಪಟೆಯಲ್ಲ, ಸಣ್ಣಗೆ ಬಾಗಿದೆ. ತಂತಿಯ ಕೆಳಗೆ ಒಂದು ನೂಲಿನ ಎಳೆ ಸಿಕ್ಕಿಸಿರುತ್ತಾರೆ. ಆ ಎಳೆಯನ್ನು ಕೂದಲೆಳೆಯಷ್ಟು ಅತ್ತಿತ್ತ ಸರಿಸಿದರೆ ನಾದ ಅರಳುತ್ತದೆ, ಇಲ್ಲವೇ ಕುಗ್ಗುತ್ತದೆ. ಈ ಬಾಗಿದ ಕುದುರೆಯ ಗುಟ್ಟನ್ನು ಸಿ.ವಿ. ರಾಮನ್ 1921ರಲ್ಲೇ ಬರೆದಿದ್ದರು, ಬೆಂಗಳೂರಿಗೆ ಬರುವ ಮೊದಲು, ಕಲ್ಕತ್ತದಲ್ಲಿದ್ದಾಗ. ಮೀಟಿದ ಜಾಗದ ಲೆಕ್ಕದಲ್ಲಿ ಹುಟ್ಟಲೇಬಾರದ ಉಪಸ್ವರಗಳೂ ವೀಣೆ ತಂಬೂರಿಗಳಲ್ಲಿ ಗಟ್ಟಿಯಾಗಿ ಕೇಳುತ್ತವೆ ಎಂದು ಅವರು ತೋರಿಸಿದರು. ಆ ಉಪಸ್ವರಗಳಲ್ಲಿ ಐದನೆಯದು ಷಡ್ಜದ ಕಂಪನದ ಐದು ಪಟ್ಟು. ಎರಡು ಸ್ಥಾಯಿ ಕೆಳಗಿಳಿಸಿ ನೋಡಿದರೆ ಅದು ಅಂತರ ಗಾಂಧಾರ, 386 ಸೆಂಟ್. ಗಾಂಧಾರದ ತಂತಿಯೇ ಇಲ್ಲದ ತಂಬೂರಿಯಲ್ಲಿ ಗಾಂಧಾರ ಕೇಳುವುದು ಹೀಗೆ. ಆಟೋಟ್ಯೂನಿನ ಮೂಲ ಏಣಿಯಲ್ಲಿ ಅದೇ ಗಾಂಧಾರ 400 ಸೆಂಟಿಗಿದೆ. ಹದಿನಾಲ್ಕು ಸೆಂಟ್ ವ್ಯತ್ಯಾಸ ಕಾಗದದ ಮೇಲೆ ಸಣ್ಣದು. ಆದರೆ ಬಿಳಿ ಎರಡರ ಷಡ್ಜವನ್ನು 147 ಹರ್ಟ್ಜ್ ಎಂದಿಟ್ಟುಕೊಂಡು ಲೆಕ್ಕ ಹಾಕಿ. ತಂಬೂರಿಯ ಐದನೇ ಉಪಸ್ವರಕ್ಕೂ 'ತಿದ್ದಿದ' ಗಾಂಧಾರದ ನಾಲ್ಕನೇ ಉಪಸ್ವರಕ್ಕೂ ನಡುವೆ ಸೆಕೆಂಡಿಗೆ ಸುಮಾರು ಆರು ಬಾರಿ ಮಿಡಿತ ಹುಟ್ಟುತ್ತದೆ. ತಂಬೂರಿಯ ಪಕ್ಕ ಕೂತು ಹಾಡಿದವರ ಸರಿಯಾದ ಗಾಂಧಾರವನ್ನು ತಂಬೂರಿಗೇ ಕೂಡದಂತೆ ಮಾಡುವುದು, ಅದೂ ತಿದ್ದುಪಡಿಯ ಹೆಸರಿನಲ್ಲಿ.

ಇದನ್ನು ಸರಿಪಡಿಸಬಹುದು. ಈಗಿನ ಸಾಫ್ಟ್‌ವೇರುಗಳಲ್ಲಿ ಆಧಾರ ಷಡ್ಜವನ್ನೂ ಒಂದೊಂದು ಸ್ವರದ ಸೆಂಟನ್ನೂ ನಾವೇ ಬರೆದುಕೊಡಲು ದಾರಿಯಿದೆ. ತೋಡಿಯ ಗಾಂಧಾರದ ತೊಡಕು ಮಾತ್ರ ಅಷ್ಟು ಸುಲಭದ್ದಲ್ಲ, ಏಕೆಂದರೆ ಅಲ್ಲಿ ಸೆಂಟು ಎಷ್ಟೆಂದು ಬರೆಯುವುದೇ ಕಷ್ಟ.

ತೋಡಿ ಹಾಡಿದ ದನಿಯ ಶ್ರುತಿಯನ್ನು ಕ್ಷಣಕ್ಷಣಕ್ಕೂ ಅಳೆದು ಗೆರೆ ಎಳೆದರೆ ಹೀಗೆ ಕಾಣುತ್ತದೆ: ಷಡ್ಜ, ಪಂಚಮಗಳಲ್ಲಿ ಗೆರೆ ಬಹುತೇಕ ಸಪಾಟು. ಗಾಂಧಾರ ಬಂದಾಗ ಅದು ಅಲೆಯಾಗುತ್ತದೆ. ಅಲೆಯ ತಳ 100 ಸೆಂಟಿನ ರಿಷಭದ ಕಡೆಗೆ, ತುದಿ 500 ಸೆಂಟಿನ ಮಧ್ಯಮದ ಕಡೆಗೆ. 300 ಸೆಂಟು, ಅಂದರೆ ಪುಸ್ತಕದ ಗಾಂಧಾರ, ಆ ಗೆರೆ ದಾಟಿಹೋಗುವ ಒಂದು ಬಿಂದು ಮಾತ್ರ. ಈ ಅಲೆಯನ್ನು ರೀಟ್ಯೂನ್ ಸ್ಪೀಡ್ ಸೊನ್ನೆಯಲ್ಲಿಟ್ಟ ಯಂತ್ರಕ್ಕೆ ಕೊಟ್ಟರೆ, ಅದು 100, 200, 300, 400, 500 ಎಂದು ಮೆಟ್ಟಿಲು ಕಡಿಯುತ್ತದೆ. ತೋಡಿಯ ಸ್ವರಗಳಷ್ಟೇ ಸಾಕು ಎಂದು ಹೇಳಿಕೊಟ್ಟರೆ ರಿ, ಗ, ಮ, ಗ, ರಿ ಎಂದು ಹಾರ್ಮೋನಿಯಂ ಬಾರಿಸಿದಂತೆ ಬಿಡಿಬಿಡಿಯಾಗಿ ಉದುರಿಸುತ್ತದೆ. ವೇಗ ಕಡಿಮೆ ಮಾಡಿದರೆ ಅಲೆಯ ಎತ್ತರ ಕುಗ್ಗಿ, ತೋಡಿ ಸೊರಗುತ್ತದೆ. ಸ್ವರ ತಪ್ಪಿಲ್ಲ, ಶ್ರುತಿ ತಪ್ಪಿಲ್ಲ, ರಾಗ ಮಾತ್ರ ಹೋಗಿದೆ.

ಯಂತ್ರದ ಕಿವಿಗೆ ದೋಷವಿಲ್ಲ. ಹಾಡುವ ದನಿ ಈ ಕ್ಷಣ ಎಲ್ಲಿದೆ ಎಂಬುದನ್ನು ಅದು ನಮಗಿಂತ ನಿಖರವಾಗಿ ಬಲ್ಲದು. ಆದರೆ ಸ್ವರವೆಂದರೆ ಒಂದು ಜಾಗ ಎಂದು ಅದಕ್ಕೆ ಹೇಳಿಕೊಟ್ಟಿದ್ದೇವೆ. ನಮ್ಮ ಸಂಗೀತದಲ್ಲಿ ಬಹಳಷ್ಟು ಸ್ವರಗಳು ನಡಿಗೆಗಳು. 13ನೇ ಶತಮಾನದ ಶಾರ್ಙ್ಗದೇವ 'ಸಂಗೀತ ರತ್ನಾಕರ'ದಲ್ಲಿ ಹದಿನೈದು ಬಗೆಯ ಗಮಕಗಳನ್ನು, ಅಂದರೆ ಇಂಥ ನಡಿಗೆಗಳನ್ನು, ಹೆಸರಿಸಿದ. ಸುಬ್ಬರಾಮ ದೀಕ್ಷಿತರು 1904ರ 'ಸಂಗೀತ ಸಂಪ್ರದಾಯ ಪ್ರದರ್ಶಿನಿ'ಯಲ್ಲಿ ಕೃತಿಗಳನ್ನು ಅಚ್ಚು ಹಾಕಿಸುವಾಗ ಸ್ವರಾಕ್ಷರಗಳ ಜೊತೆಗೆ ಗಮಕದ ಚಿಹ್ನೆಗಳನ್ನೂ ಕೊಟ್ಟರು. ಸರಿಗಮ ಬರೆದರೆ ಸಾಲದು ಎಂದು ಅವರಿಗೆ ಗೊತ್ತಿತ್ತು. ಹಿಂದೂಸ್ತಾನಿ ಹಾಡುವ ಧಾರವಾಡದ ಕಡೆ ಹೋದರೆ ಹೆಸರುಗಳು ಮೀಂಡ್, ಆಂದೋಲನ ಎಂದಾಗುತ್ತವೆ. ದರ್ಬಾರಿ ರಾಗದ ಕೋಮಲ ಗಾಂಧಾರವನ್ನು ನಿಧಾನವಾಗಿ ಆಡಿಸದೆ ನೇರವಾಗಿ ನಿಲ್ಲಿಸಿದರೆ ಅದು ದರ್ಬಾರಿ ಅಲ್ಲ ಎಂದು ಕಲಿಯುವವರಿಗೆ ಗುರುಗಳು ಮೊದಲ ದಿನಗಳಲ್ಲೇ ಹೇಳುತ್ತಾರೆ.

ಹಾಗೆಂದು ಜಾರುವ ದನಿಗೂ ಈ ಯಂತ್ರಕ್ಕೂ ಕೂಡಿಬರಲು ಸಾಧ್ಯವೇ ಇಲ್ಲ ಎನ್ನಬೇಕಾಗಿಲ್ಲ. ಉತ್ತರ ಆಫ್ರಿಕಾದಲ್ಲಿ, ಅಲ್ಜೀರಿಯಾದ ರಾಯ್ ಹಾಡುಗಾರರೂ ಮೊರಾಕ್ಕೊದ ಬರ್ಬರ್ ಹಾಡುಗಾರರೂ 2000ರ ಸುಮಾರಿನಿಂದ ಆಟೋಟ್ಯೂನನ್ನು ಮನಸಾರೆ ಅಪ್ಪಿಕೊಂಡರು. ಅವರ ಹಾಡಿನಲ್ಲೂ ದನಿ ಸ್ವರದಿಂದ ಸ್ವರಕ್ಕೆ ಜಾರುತ್ತದೆ, ಪಿಯಾನೊದಲ್ಲಿಲ್ಲದ ಸ್ವರಗಳಿವೆ. ಆ ಜಾರು ಯಂತ್ರದ ಮೆಟ್ಟಿಲುಗಳ ಮೇಲೆ ಉರುಳಿದಾಗ ಬರುವ ಗಲಗಲ ಸದ್ದು ಅವರಿಗೆ ಹಿಡಿಸಿತು. ಅದನ್ನು ಮುಚ್ಚಿಡದೆ ಎತ್ತಿ ಹಿಡಿದರು, ಮದುವೆಮನೆಗಳವರೆಗೆ ಒಯ್ದರು. ಯಂತ್ರ ಏನು ಮಾಡುತ್ತದೆ ಎಂದು ತಿಳಿದು, ಬೇಕೆಂದೇ ಆರಿಸಿಕೊಂಡ ಸದ್ದು ಅದು. ಅದರಲ್ಲಿ ನನಗೆ ತಕರಾರಿಲ್ಲ. ತಿಳಿಯದಂತೆ ಸವೆಸುವುದು ಬೇರೆ.

ಆಟೋಟ್ಯೂನ್ ಇಂಟರ್ನೆಟ್ಟಿಗೆ ಬಂದ ಮೇಲೆ ಇನ್ನೊಂದು ಬೆರಗು ನಡೆಯಿತು. ಹಾಡನ್ನು ತಿದ್ದಲು ಹುಟ್ಟಿದ್ದು ಮಾತನ್ನು ಹಾಡಾಗಿಸಿತು. 2009ರಲ್ಲಿ ಅಮೆರಿಕದ ಗ್ರೆಗರಿ ಸಹೋದರರು ಟಿವಿ ಸುದ್ದಿಯಲ್ಲಿ ಮಾತಾಡುವವರ ದನಿಗೆ ಆಟೋಟ್ಯೂನ್ ಹಾಕಿ, ತಾಳ ಸೇರಿಸಿ ಯೂಟ್ಯೂಬಿಗೆ ಬಿಟ್ಟರು. ಮರುವರ್ಷ ಅವರ ಇಂಥದ್ದೇ ಒಂದು ಹಾಡು ಬಿಲ್‌ಬೋರ್ಡ್ ಪಟ್ಟಿಯನ್ನೂ ಸೇರಿತು. 2020ರಲ್ಲಿ, ಲಾಕ್‌ಡೌನಿನ ಕಾಲದಲ್ಲಿ, ಮಹಾರಾಷ್ಟ್ರದ ಯಶರಾಜ್ ಮುಖಾಟೆ ಹಿಂದಿ ಧಾರಾವಾಹಿಯ ಅತ್ತೆ ಸೊಸೆಯ ಅಡುಗೆಮನೆ ಜಗಳಕ್ಕೆ ರಾಗ ಹಾಕಿದ್ದು ದೇಶದ ಎಲ್ಲ ಭಾಷೆಗಳವರ ಫೋನಿನಲ್ಲೂ ಕೇಳಿತು. ನಮ್ಮಲ್ಲಿ 2019ರ ಚುನಾವಣೆಯ ಹೊತ್ತಿಗೆ, ಸಿನಿಮಾ ಸಮಾರಂಭವೊಂದರ ವೇದಿಕೆಯಲ್ಲಿ ಆಡಿದ 'ನಿಖಿಲ್ ಎಲ್ಲಿದೀಯಪ್ಪಾ' ಎಂಬ ಮಾತು ಮೊಬೈಲಿನಿಂದ ಮೊಬೈಲಿಗೆ ಹರಿದು, ಕೊನೆಗೆ ಓದಿದರೂ ರಾಗವಾಗಿಯೇ ಕೇಳುವಂತಾಯಿತು.

ಇದರ ಹಿಂದೆ ಮಿದುಳಿನದೇ ಒಂದು ಸ್ವಭಾವವಿದೆ. ಕ್ಯಾಲಿಫೋರ್ನಿಯಾದ ಮನಶ್ಶಾಸ್ತ್ರಜ್ಞೆ ಡಯಾನಾ ಡಾಯ್ಚ್ 1995ರಲ್ಲಿ ಸಿ.ಡಿ.ಯೊಂದಕ್ಕೆ ತಾವೇ ಮಾಡಿದ ನಿರೂಪಣೆಯ ಧ್ವನಿಮುದ್ರಣವನ್ನು ತಿದ್ದುತ್ತಿದ್ದಾಗ ಒಂದು ತುಣುಕು ಮತ್ತೆ ಮತ್ತೆ ತಿರುಗುತ್ತಲೇ ಇತ್ತು. ಸ್ವಲ್ಪ ಹೊತ್ತಿಗೆ ಅದು ಮಾತಲ್ಲ, ಹಾಡು ಎನ್ನಿಸತೊಡಗಿತು. ಧ್ವನಿಯಲ್ಲಿ ಏನೂ ಬದಲಾಗಿರಲಿಲ್ಲ. 2011ರಲ್ಲಿ ಅವರು ಸಹೋದ್ಯೋಗಿಗಳ ಜೊತೆ ಪ್ರಕಟಿಸಿದ ಪ್ರಯೋಗದಲ್ಲಿ, ತುಣುಕನ್ನು ಹಲವು ಸಲ ಕೇಳಿದವರು ಅದನ್ನು ತಿರುಗಿ ಹೇಳುವಾಗ ಹಾಡಿಯೇ ಬಿಟ್ಟರು, ಒಮ್ಮೆ ಕೇಳಿದವರು ಮಾತಿನಂತೆ ಹೇಳಿದರು. ಮಾತಿನಲ್ಲಿ ಏರಿಳಿತ ಮೊದಲೇ ಇದೆ, ಅರ್ಥದ ಕಡೆ ಗಮನವಿರುವಾಗ ಅದು ಕೇಳುವುದಿಲ್ಲ. ಮರುಕಳಿಸಿದಾಗ ಅರ್ಥ ಹಿಂದೆ ಸರಿದು ಏರಿಳಿತ ಮುಂದೆ ಬರುತ್ತದೆ. ಒಂದೇ ಆಡಿಯೊ ಸಾವಿರ ಜನರ ಕೈಯಲ್ಲಿ ಮರಳಿ ಮರಳಿ ಬರುವ ರೀಲ್ಸ್ ಲೋಕಕ್ಕೆ ಇದಕ್ಕಿಂತ ಹೊಂದುವ ವಿವರಣೆ ನನಗೆ ಕಂಡಿಲ್ಲ.

ಮರುಕಳಿಕೆ ಮಾತನ್ನು ಹಾಡಾಗಿಸಬಲ್ಲುದಾದರೆ ಕಿವಿಯ ರುಚಿಯನ್ನೂ ತಿದ್ದಬಲ್ಲದು. ದಿನವಿಡೀ ಗೆರೆ ಎಳೆದಂತೆ ನೇರವಾದ ದನಿಗಳನ್ನೇ ಕೇಳಿ ಬೆಳೆದ ಮಗುವಿಗೆ, ಉಸಿರಿನ ಜೊತೆ ಒಂದಿಷ್ಟು ತೊನೆಯುವ ಸಹಜ ದನಿ ತಪ್ಪಾಗಿ ಕೇಳುವುದು ಅಸಂಭವವಲ್ಲ. ಕ್ಯಾರಿಯೊಕಿ ಆ್ಯಪಿನಲ್ಲಿ ಹಾಡಿದರೆ ತೆರೆಯ ಮೇಲೆ ಅಡ್ಡಗೆರೆಗಳು ಓಡುತ್ತವೆ. ದನಿ ಆ ಗೆರೆಯ ಮೇಲಿದ್ದರೆ ಅಂಕ, ಜಾರಿದರೆ ಇಲ್ಲ. ಅಲ್ಲಿ ಗಮಕ ಹಾಡಿದ ಮಗು ಅಂಕ ಕಳೆದುಕೊಳ್ಳುತ್ತದೆ. ಎರಡನೇ ಸಲ ಅದು ಗಮಕ ಬಿಟ್ಟು ಹಾಡುತ್ತದೆ, ಅಂಕ ಬರುತ್ತದೆ. ಸರಳೆ ವರಸೆ ಹೇಳಿಕೊಡುವ ಗುರು ಮನೆಯಲ್ಲಿ ಕಲಿಸಿದ್ದನ್ನು ಫೋನು ಅಳಿಸುವುದು ಹೀಗೆ, ಯಾರ ಮೇಲೂ ದ್ವೇಷವಿಲ್ಲದೆ. ನನ್ನ ಮಟ್ಟಿಗೆ ಸಿನಿಮಾ ಹಾಡಿನ ತಿದ್ದುಪಡಿಗಿಂತ ದೊಡ್ಡ ಚಿಂತೆ ಈ ಅಂಕದ ಗೆರೆ.

ಯಂತ್ರವನ್ನೇ ನಮ್ಮ ಸಂಗೀತಕ್ಕೆ ಒಗ್ಗಿಸಿಕೊಂಡ ಉದಾಹರಣೆ ನಮ್ಮ ಕಣ್ಣೆದುರೇ ಇದೆ. ಬೆಂಗಳೂರಿನ ಜಿ. ರಾಜ್ ನಾರಾಯಣ್ ಎಚ್‌ಎಎಲ್‌ನಲ್ಲಿ ಎಂಜಿನಿಯರ್ ಆಗಿದ್ದ ಕೊಳಲು ವಾದಕರು. 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿ ಮಾಡಿದರು, ರೇಡಲ್ ಎಂಬ ಕಂಪನಿ ಕಟ್ಟಿದರು. ಆ ಪೆಟ್ಟಿಗೆಯಲ್ಲಿ ಷಡ್ಜವನ್ನು ಹಾಡುವವರು ತಮಗೆ ಬೇಕಾದಲ್ಲಿಗೆ ತಿರುಗಿಸಿಕೊಳ್ಳಬಹುದು. ಸಂಗೀತ ಬಲ್ಲ ಎಂಜಿನಿಯರ್ ಮಾಡಿದ ಯಂತ್ರವೆಂಬುದು ಆ ಒಂದು ತಿರುಗಣೆಯಲ್ಲೇ ಗೊತ್ತಾಗುತ್ತದೆ. ಬಾರ್ಸಿಲೋನಾದ ಪೊಂಪೆಯು ಫಾಬ್ರಾ ವಿಶ್ವವಿದ್ಯಾಲಯದಲ್ಲಿ ಝಾವಿಯರ್ ಸೆರಾ ಅವರ ನೇತೃತ್ವದಲ್ಲಿ 2011ರಲ್ಲಿ ಶುರುವಾದ ಕಾಂಪ್‌ಮ್ಯೂಸಿಕ್ ಯೋಜನೆಯೂ ಇದೇ ದಾರಿಯದು. ಕರ್ನಾಟಕ ಸಂಗೀತ, ಹಿಂದೂಸ್ತಾನಿ, ಟರ್ಕಿಯ ಮಕಾಮ್, ಮಗ್ರಿಬ್‌ನ ಅರಬ್-ಆಂದಲೂಸಿ, ಬೀಜಿಂಗಿನ ಓಪೆರಾ, ಹೀಗೆ ಐದು ಪರಂಪರೆಗಳನ್ನು ಅವುಗಳದೇ ಅಳತೆಯಲ್ಲಿ ಕಂಪ್ಯೂಟರಿಗೆ ಕಲಿಸುವ ಪ್ರಯತ್ನ ಅದು. ಅಲ್ಲಿಯ ತಂಡದಲ್ಲಿ ಭಾರತದ ಸಂಶೋಧಕರೂ ದುಡಿದರು. ನಮ್ಮ ಸಂಗೀತದ ಧ್ವನಿಮುದ್ರಣ ಕೈಗೆ ಬಂದರೆ ಅವರು ಮೊದಲು ಕೇಳುವುದು ಷಡ್ಜ ಎಲ್ಲಿದೆ ಎಂದು. ಆಮೇಲೆ ದನಿ ಯಾವ ಯಾವ ಸೆಂಟಿನಲ್ಲಿ ಎಷ್ಟು ಹೊತ್ತು ಕಳೆಯಿತು ಎಂದು ಎಣಿಸುತ್ತಾರೆ. ನಿಲ್ಲುವ ಸ್ವರಕ್ಕೆ ಚೂಪಾದ ಗೋಪುರ ಬರುತ್ತದೆ, ತೋಡಿಯ ಗಾಂಧಾರದಂಥ ಸ್ವರಕ್ಕೆ ಅಗಲವಾಗಿ ಹರಡಿದ ಗುಡ್ಡ. ಹನ್ನೆರಡು ಮೆಟ್ಟಿಲಿನ ಏಣಿಯಲ್ಲಿ ಒಂದೇ ಜಾಗ ಹಂಚಿಕೊಳ್ಳುವ ಸ್ವರಗಳು ಒಂದೊಂದು ರಾಗದಲ್ಲೂ ಬೇರೆ ಬೇರೆ ಆಕಾರ ತಾಳುವುದು ಕಣ್ಣಿಗೆ ಕಾಣುತ್ತದೆ.

ಸ್ಟುಡಿಯೊದೊಳಗೂ ದಾರಿ ಇಲ್ಲದಿಲ್ಲ. ಜರ್ಮನಿಯ ಮೆಲೊಡೈನ್ ಎಂಬ ಸಾಫ್ಟ್‌ವೇರ್ ಹಾಡಿದ್ದನ್ನು ಸ್ವರಸ್ವರವಾಗಿ ತೆರೆಯ ಮೇಲೆ ಹರಡುತ್ತದೆ. ಒಂದೊಂದರ ನಡುಬಿಂದುವನ್ನು ಸರಿಸುವುದಕ್ಕೆ ಒಂದು ಸಲಕರಣೆ, ಅದರೊಳಗಿನ ತೂಗಾಟವನ್ನು ಹಿಗ್ಗಿಸುವುದಕ್ಕೋ ಕುಗ್ಗಿಸುವುದಕ್ಕೋ ಬೇರೊಂದು. ಹೀಗಾಗಿ ಪಂಚಮದಲ್ಲಿ ತುಸು ಕೆಳಗೆ ನಿಂತ ದನಿಯನ್ನು ಮೇಲೆತ್ತಿ, ಗಾಂಧಾರದ ಅಲೆಯನ್ನು ಮುಟ್ಟದೆ ಬಿಡಲು ಸಾಧ್ಯ. ಹಾಗೆ ಮಾಡಲು ಎಂಜಿನಿಯರ್ ಕುರ್ಚಿಯಲ್ಲಿ ಕೂತವರಿಗೆ ರಾಗದ ಪರಿಚಯವಿರಬೇಕು, ಒಂದು ಹಾಡಿಗೆ ಒಂದು ಮಧ್ಯಾಹ್ನ ಕೊಡುವಷ್ಟು ಬಜೆಟ್ಟೂ ಇರಬೇಕು. ಎಲ್ಲವನ್ನೂ ಆಯ್ದು ಒಂದೇ ಗುಂಡಿ ಒತ್ತುವುದು ಅಗ್ಗ. ಸಣ್ಣ ಬಜೆಟ್ಟಿನ ಭಾವಗೀತೆ, ಜನಪದ ಗೀತೆಗಳ ಆಲ್ಬಂಗಳಲ್ಲಿ ದನಿಗಳೆಲ್ಲ ಒಂದೇ ಅಚ್ಚಿನಲ್ಲಿ ಹೊಯ್ದಂತೆ ಕೇಳುವುದಕ್ಕೆ ಕಲಾವಿದರಿಗಿಂತ ಈ ಅವಸರವೇ ಹೆಚ್ಚು ಕಾರಣ ಎಂದು ನನ್ನ ಎಣಿಕೆ.

ಈಗ ಆಟೋಟ್ಯೂನಿಗಿಂತ ಬಲಶಾಲಿಯಾದದ್ದು ಬಂದಿದೆ. 2024ರ 'ಲಾಲ್ ಸಲಾಂ' ಎಂಬ ತಮಿಳು ಚಿತ್ರದ ಹಾಡೊಂದಕ್ಕೆ ಎ.ಆರ್. ರಹಮಾನ್ ತೀರಿಹೋದ ಇಬ್ಬರು ಗಾಯಕರ ದನಿಗಳನ್ನು ಕೃತಕ ಬುದ್ಧಿಮತ್ತೆಯಿಂದ ಮರ‍ಳಿಸಿದರು, ಕುಟುಂಬದವರ ಒಪ್ಪಿಗೆ ಪಡೆದು, ಸಂಭಾವನೆ ಕೊಟ್ಟು. ಅದೇ ಸುಮಾರಿಗೆ ತೆಲುಗು ಚಿತ್ರವೊಂದು ಒಪ್ಪಿಗೆಯಿಲ್ಲದೆ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ದನಿಯನ್ನು ಹೀಗೆ ಬಳಸಿದೆ ಎಂದು ಅವರ ಮಗ ಕಾನೂನು ನೋಟಿಸ್ ಕಳಿಸಿದರು. ಒಪ್ಪಿಗೆಯ ಪ್ರಶ್ನೆ ದೊಡ್ಡದು, ಅದರ ಚರ್ಚೆ ನಡೆಯುತ್ತಿದೆ. ನನಗೆ ಕಾಡುವುದು ಇನ್ನೊಂದು. ಈ ಹೊಸ ಯಂತ್ರಗಳಿಗೆ ಹನ್ನೆರಡು ಮೆಟ್ಟಿಲಿನ ಏಣಿಯನ್ನು ಯಾರೂ ಹೇಳಿಕೊಡುವುದಿಲ್ಲ. ಅವು ಕೇಳಿಸಿದ್ದನ್ನು ಕೇಳಿ ಕಲಿಯುತ್ತವೆ. ತೋಡಿಯ ಅಲೆಯನ್ನು ಕೇಳಿಸಿದರೆ ಅಲೆಯನ್ನೇ ಕಲಿಯುತ್ತವೆ, ಆಟೋಟ್ಯೂನಿಗೆ ಸಾಧ್ಯವಾಗದ್ದು ಅವುಗಳಿಗೆ ಸಾಧ್ಯ. ಆದರೆ ಇಂಟರ್ನೆಟ್ಟಿನಲ್ಲಿ ಸುಲಭವಾಗಿ ಸಿಗುವ ಕನ್ನಡದ ದನಿಗಳಲ್ಲಿ ಬಹುಪಾಲು ಕಳೆದ ಎರಡು ದಶಕಗಳದ್ದು, ಅಂದರೆ ಆಗಲೇ ತಿದ್ದಿ ನೇರ ಮಾಡಿದ್ದು. ಅದನ್ನೇ ಕೇಳಿ ಬೆಳೆದ ಯಂತ್ರ ಕನ್ನಡದ ಹಾಡೆಂದರೆ ಹೀಗೇ ಇರುತ್ತದೆ ಎಂದುಕೊಳ್ಳುತ್ತದೆ.

ತಿದ್ದದ ದನಿಗಳು ನಮ್ಮಲ್ಲಿವೆ. ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಶುರುಮಾಡಿದ ಕೇಂದ್ರದಿಂದ ಆಕಾಶವಾಣಿ ಎಂಬ ಹೆಸರು ಬಂತು. ಧಾರವಾಡದ ಕೇಂದ್ರ 1950ರಿಂದ ಇದೆ. ಮಲ್ಲಿಕಾರ್ಜುನ ಮನ್ಸೂರ್ ಅಲ್ಲಿ ಸಂಗೀತ ಸಲಹೆಗಾರರಾಗಿದ್ದರು. ಗಂಗೂಬಾಯಿ ಹಾನಗಲ್ ಅವರ, ಗಂಟಲಿನ ಚಿಕಿತ್ಸೆಯ ನಂತರ ತಗ್ಗಿ ಗಡುಸಾದ ದನಿ ಆ ಕಾಲದ ಧ್ವನಿಮುದ್ರಣಗಳಲ್ಲಿ ಇದ್ದಂತೆಯೇ ಇದೆ. ಜನಪದ ಗಾಯಕರು, ಯಕ್ಷಗಾನದ ಭಾಗವತರು, ಹೆಸರು ಉಳಿಯದ ಸಂಪ್ರದಾಯದ ಹಾಡಿನ ಹೆಂಗಸರು ಹಾಡಿದ್ದು ಸರಕಾರಿ ಕಪಾಟುಗಳಲ್ಲೂ ಮನೆಮನೆಯ ಕ್ಯಾಸೆಟ್ಟುಗಳಲ್ಲೂ ಹಂಚಿಹೋಗಿದೆ. ಟೇಪಿಗೆ ಆಯುಷ್ಯ ಕಡಿಮೆ, ತೇವ ತಗುಲಿದರೆ ಮುಗಿಯಿತು. ಅವನ್ನು ಡಿಜಿಟಲ್ ಮಾಡುವಾಗ ಹಾಡಿದವರ ಹೆಸರು, ಊರು, ವರ್ಷ, ರಾಗ, ಷಡ್ಜದ ನೆಲೆ, ಇಷ್ಟನ್ನಾದರೂ ಜೊತೆಗೆ ಬರೆದಿಡಬೇಕು. ಸದ್ದು ಕಡಿಮೆ ಮಾಡುವ ನೆಪದಲ್ಲಿ ದನಿಯನ್ನು ಸೋಸಬಾರದು, ಮೂಲ ಪ್ರತಿ ಹಾಗೆಯೇ ಇರಬೇಕು. ಹಾಡಿನ ಹಕ್ಕು ಯಾರದೆಂಬುದನ್ನು ಅದೇ ಕಡತದಲ್ಲಿ ನಮೂದಿಸಬೇಕು. ಇದಕ್ಕೆ ಬೇಕಾದ ತಂತ್ರಜ್ಞಾನ ಹೊಸದೇನಲ್ಲ. ಬೇಕಾಗಿರುವುದು ಕೂತು ಕೇಳಿ ಗುರುತಿಸಬಲ್ಲ ಕಿವಿಗಳು, ಅವರಿಗೆ ಸಂಬಳ. ಸಂಗೀತ ವಿಶ್ವವಿದ್ಯಾಲಯ ಮೈಸೂರಿನಲ್ಲೇ ಇದೆ, ರಾಗ ಬಲ್ಲ ವಿದ್ಯಾರ್ಥಿಗಳೂ ಇದ್ದಾರೆ. ಅವರಲ್ಲಿ ಕೆಲವರನ್ನು ಈ ಟೇಪುಗಳ ಮುಂದೆ ಕೂರಿಸುವ ಕೆಲಸ, ಕಲಿಸಿಕೊಟ್ಟವರು ಇನ್ನೂ ಬದುಕಿರುವಾಗ, ಸಂದೇಹ ಬಂದರೆ ಕೇಳಲು ಗುರುಗಳಿರುವಾಗಲೇ ಆಗಬೇಕು.